ಕಾರ್ಕಳದ ಮನೆಗೆ ಒಂದು ಮಗು ಕೊಟ್ಟದ್ದು

ಮನೆ ವಿಚಾರಣೆಗೆ ಹೋಗುವಾಗ ಬಿಳಿ ಸೀರೆ ಉಡಬೇಡಿ. ಈ ಕೆಲಸಕ್ಕೆ ಹೊಸತಾಗಿ ಸೇರಿದ ಹುಡುಗಿಯರು ನಾಲ್ಕು ಮಾತು ಹೇಳಿ ಎಂದು ಕರೆದಾಗಲೆಲ್ಲ ನಾನು ಮೊದಲು ಹೇಳುವುದು ಇದನ್ನೇ. ಅವರು ಬರೆದುಕೊಳ್ಳುತ್ತಾರೆ. ಯಾಕೆ ಎಂದು ಇದುವರೆಗೆ ಯಾರೂ ಕೇಳಿಲ್ಲ. ಕೇಳದಿದ್ದರೂ ಹೇಳಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ.

ನಾನು ನರ್ಸ್ ಆಗಿ ಸೇರಿದ್ದು ಉಡುಪಿಯ ಒಂದು ಹೆಂಗಸರ ಆಸ್ಪತ್ರೆಯಲ್ಲಿ, ಐವತ್ತರ ದಶಕದ ನಡುವೆ. ಆಸ್ಪತ್ರೆಯ ಹಿಂದೆ, ಅಡುಗೆಮನೆಗೂ ಬಟ್ಟೆ ಒಗೆಯುವ ಕಲ್ಲಿಗೂ ನಡುವೆ, ಹೆಂಚಿನ ಮಾಡಿನ ಎರಡು ಕೋಣೆಗಳಿದ್ದವು. ಅದಕ್ಕೆ ಶಿಶುಮಂದಿರ ಎಂದು ಹೆಸರು. ಹೆತ್ತವರು ಬಿಟ್ಟುಹೋದ ಮಕ್ಕಳು ಅಲ್ಲಿರುತ್ತಿದ್ದವು. ಹೆರಿಗೆ ವಾರ್ಡಿನಲ್ಲಿ ನನ್ನ ಕೈ ನಿಧಾನವೆಂದು ನಮ್ಮ ಡಾಕ್ಟರಮ್ಮನಿಗೆ ಅನ್ನಿಸಿತು, ನನ್ನನ್ನು ಅಲ್ಲಿಗೆ ಹಾಕಿದರು. ನಿವೃತ್ತಿಯವರೆಗೂ ಅಲ್ಲೇ ಇದ್ದೆ. ನಡುವೆ ಯಾವಾಗಲೋ ಅದರ ಮೇಲ್ವಿಚಾರಕಿಯೂ ಆದೆ. ಅದು ಹೇಗಾಯಿತು ಎಂಬುದರಲ್ಲಿ ಯಾರೂ ಕಲಿಯುವಂಥದ್ದು ಇಲ್ಲ.

ಮಕ್ಕಳಿಗೆ ಹೆಸರಿಡುವ ಕೆಲಸ ಆಯಾ ಗುಲಾಬಿಯದು. ಅವಳ ಬಳಿ ಹೆಣ್ಣುಮಕ್ಕಳಿಗೆ ಮೂರು ಹೆಸರು, ಗಂಡುಮಕ್ಕಳಿಗೆ ಎರಡು ಹೆಸರು ಇದ್ದವು. ಸರದಿಯ ಮೇಲೆ ಇಡುತ್ತಿದ್ದಳು. ಹಾಗಾಗಿ ನಮ್ಮ ರಿಜಿಸ್ಟರಿನಲ್ಲಿ ಮೊದಲನೇ ಸುಮತಿ, ಎರಡನೇ ಸುಮತಿ ಎಂದು ರಾಜರುಗಳ ಹಾಗೆ ಇರುತ್ತಿತ್ತು.

ಮೊದಲೆಲ್ಲ ಮಕ್ಕಳಿಲ್ಲದವರು ಬಂದರೆ ಡಾಕ್ಟರಮ್ಮ ಅವರ ಮುಖ ನೋಡಿ, ಊರಿನ ಯಾರಾದರೂ ದೊಡ್ಡವರ ಚೀಟಿ ನೋಡಿ ಮಗುವನ್ನು ಕೊಟ್ಟುಬಿಡುತ್ತಿದ್ದರಂತೆ. ಬೇಕಾದವರು ಪುರೋಹಿತರನ್ನು ಕರೆಸಿ ಹೋಮ ಮಾಡಿಸಿಕೊಳ್ಳುತ್ತಿದ್ದರು. ನಾನು ಸೇರುವ ಹೊತ್ತಿಗೆ ಕ್ರಮ ಬದಲಾಗಿತ್ತು. ಅರ್ಜಿ ಕೊಟ್ಟವರ ಮನೆಗೆ ಹೋಗಿ, ನೋಡಿ, ಒಂದು ನಮೂನೆ ತುಂಬಿಸಿ ತರುವುದು ನನ್ನ ಕೆಲಸವಾಯಿತು. ನಮೂನೆಯನ್ನು ಡಾಕ್ಟರಮ್ಮನೇ ತಯಾರಿಸಿದ್ದರು. ಬಾವಿಗೆ ಕಟ್ಟೆ ಉಂಟೇ, ಮನೆಯಲ್ಲಿ ಕ್ಷಯ ಇದ್ದವರು ಇದ್ದಾರೆಯೇ, ಹಾಲು ಎಲ್ಲಿಂದ, ಗಂಡ ಕುಡಿಯುತ್ತಾನೆಯೇ. ಈ ಕೊನೆಯ ಪ್ರಶ್ನೆ ಕೇಳಿದಾಗ ಹೆಂಡತಿ ಗಂಡನ ಮುಖ ನೋಡಿದರೆ ‘ಹೌದು’ ಎಂದು ಬರೆಯಬೇಕು ಎಂದು ಅವರೇ ಹೇಳಿಕೊಟ್ಟಿದ್ದರು. ಈ ವಿಧಾನ ತಪ್ಪಿದ್ದನ್ನು ನಾನು ನೋಡಿಲ್ಲ.

ಕಾರ್ಕಳದ ಸಂಜೀವ ಮತ್ತು ಕಮಲ ನಮ್ಮಲ್ಲಿಗೆ ಬಂದದ್ದು ಒಂದು ಮಧ್ಯಾಹ್ನ. ಸಂಜೀವ ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಬಸ್ ಏಜೆಂಟ್. ಹೊತ್ತಿಗೆ ಸರಿಯಾಗಿ ಬಸ್ಸು ಹೊರಡಿಸುವ ಕೆಲಸವಾದ್ದರಿಂದ ಮಾತಾಡುವಾಗಲೂ ಆಗಾಗ ವಾಚು ನೋಡುತ್ತಿದ್ದ. ಮದುವೆಯಾಗಿ ಹನ್ನೊಂದು ವರ್ಷ, ಮಕ್ಕಳಿಲ್ಲ. ಕಮಲ ಬಾಗಿಲ ಬಳಿ ನಿಂತವಳು ತೊಟ್ಟಿಲುಗಳ ಕಡೆ ನೋಡಲೇ ಇಲ್ಲ; ನೋಡಿದರೆ ಎಲ್ಲಿ ಆಸೆ ಗೊತ್ತಾಗುತ್ತದೋ ಎಂಬಂತೆ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು.

“ಮನೆ ನೋಡ್ಲಿಕ್ಕೆ ಬರುವಾಗ ಮುಂಚೆ ಒಂದು ಕಾರ್ಡ್ ಹಾಕಿ ಬನ್ನಿ ಸಿಸ್ಟರ್,” ಎಂದು ಸಂಜೀವ ಹೊರಡುವಾಗ ಹೇಳಿದ. ಮೆಟ್ಟಿಲಿಳಿದವನು ಪುನಃ ಹತ್ತಿ ಬಂದು, “ಕಾರ್ಡ್ ಮರೀಬೇಡಿ, ಅಲ್ವಾ?” ಎಂದ.

ನಾನು ಮರೆತೆ. ಎರಡು ವಾರ ಕಳೆದ ಮೇಲೆ ಬೇರೊಂದು ಮನೆಗೆ ಹೋಗುವುದು ತಪ್ಪಿತು, ದಿನ ಖಾಲಿ ಇತ್ತು, ಕಾರ್ಕಳದ ಬಸ್ಸು ಎದುರಿಗೇ ನಿಂತಿತ್ತು. ಹತ್ತಿದೆ. ಆಸ್ಪತ್ರೆಯ ಬಿಳಿ ಸೀರೆ, ಕೈಯಲ್ಲಿ ಆಸ್ಪತ್ರೆಯ ಹೆಸರನ್ನು ಕೆಂಪು ನೂಲಿನಲ್ಲಿ ಹೊಲಿದ ಚೀಲ. ದಾರಿಯುದ್ದಕ್ಕೂ ನಾಲ್ಕು ಕಡೆ ಸಂಜೀವನ ಮನೆ ಎಲ್ಲಿ ಎಂದು ಕೇಳಿಕೊಂಡು ಹೋದೆ.

ಜಗಲಿಯಲ್ಲಿ ಅವನ ತಾಯಿ ಅಪ್ಪಿಯಕ್ಕ ಕೂತು ಬಸಳೆ ಹೆಚ್ಚುತ್ತಿದ್ದರು. ಅಂಗಳದ ಬಾವಿಕಟ್ಟೆಯಲ್ಲಿ ನೆರೆಮನೆಯ ಇಬ್ಬರು ಹೆಂಗಸರು ನೀರು ಸೇದುತ್ತಿದ್ದರು. ನಾವೆಲ್ಲ ತುಳುವಿನಲ್ಲೇ ಮಾತಾಡಿದ್ದು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಎಂತ ಆಗಬೇಕಿತ್ತು?” ಎಂದರು ಅಪ್ಪಿಯಕ್ಕ.

“ನಾನು ಉಡುಪಿಯ ಶಿಶುಮಂದಿರದಿಂದ ಬಂದದ್ದು, ಅಮ್ಮ. ನಿಮ್ಮ ಮಗ, ಸೊಸೆ ಮಗು ಬೇಕೂಂತ ಅರ್ಜಿ ಹಾಕಿದ್ದಾರಲ್ಲ, ಮನೆ ನೋಡಿ ಹೋಗ್ಲಿಕ್ಕೆ.”

ಅಷ್ಟರಲ್ಲಿ ಕಮಲ ನನಗೆ ನೀರು ತೆಗೆದುಕೊಂಡು ಹೊರಗೆ ಬಂದಳು. ಅವಳಿಗೆ ಏಳು ತಿಂಗಳ ಹೊಟ್ಟೆ ಇತ್ತು. ಎರಡು ವಾರದ ಹಿಂದೆ ಉಡುಪಿಯಲ್ಲಿ ನೋಡಿದಾಗ ಇರಲಿಲ್ಲ.

ಅಪ್ಪಿಯಕ್ಕ ಸೊಸೆಯ ಹೊಟ್ಟೆ ನೋಡಿದರು. ನನ್ನ ಚೀಲ ನೋಡಿದರು. ಬಾವಿಕಟ್ಟೆಯಲ್ಲಿ ರಾಟೆಯ ಸದ್ದು ನಿಂತಿತು.

“ಒಂದು ಹೊಟ್ಟೆಯಲ್ಲಿ ಉಂಟಲ್ಲ ಮಾರಾಯ್ತಿ,” ಎಂದರು. “ಇನ್ನೊಂದು ಎಂತಕ್ಕೆ?”

ನಮೂನೆಯಲ್ಲಿ ಇದಕ್ಕೆ ಜಾಗ ಇರಲಿಲ್ಲ. ಕಮಲ ನೀರಿನ ಚೆಂಬನ್ನು ನೆಲದ ಮೇಲೆ ಇಟ್ಟಳು, ಒಂದು ಹನಿ ಚೆಲ್ಲದ ಹಾಗೆ. ಒಳಗೆ ಹೋದಳು. ಬಾಗಿಲಿಗೆ ಚಿಲಕ ಬಿದ್ದ ಸದ್ದು ಕೇಳಿಸಿತು. ಅಪ್ಪಿಯಕ್ಕ ಮತ್ತೆ ಬಸಳೆ ಹೆಚ್ಚತೊಡಗಿದರು. ಹೆಚ್ಚುತ್ತಲೇ, “ಹತ್ತೂವರೆಗೆ ಉಡುಪಿಗೆ ಬಸ್ಸುಂಟು. ಅದು ತಪ್ಪಿದರೆ ಮತ್ತೆ ಮಧ್ಯಾಹ್ನ ದಾಟಬೇಕು,” ಎಂದರು. ಏಜೆಂಟನ ತಾಯಿಯಲ್ಲವೇ, ಹೊತ್ತು ಬಾಯಿಪಾಠ.

ಹೊರಡುವಾಗ ಬಾವಿ ನೋಡಿದೆ. ಕಟ್ಟೆ ಇತ್ತು. ‘ಉಂಟು’ ಎಂದು ಬರೆದೆ. ಆ ದಿನ ಬರೆದದ್ದು ಅಷ್ಟೇ.

ಸ್ಟ್ಯಾಂಡಿನಲ್ಲಿ ಸಂಜೀವ ನನ್ನನ್ನು ಕಂಡದ್ದೇ ಎಲ್ಲ ಅರ್ಥ ಮಾಡಿಕೊಂಡ. ಬಸ್ಸಿನ ಹಿಂದೆ ಕರೆದುಕೊಂಡು ಹೋಗಿ ಹೇಳಿದ. ಕಮಲ ತಿಂಗಳುಗಳಿಂದ ಬಟ್ಟೆಯ ಸುರುಳಿ ಕಟ್ಟಿಕೊಳ್ಳುತ್ತಿದ್ದಳು. ತಿಂಗಳಿಗೆ ಒಂದು ಬಟ್ಟೆ ಹೆಚ್ಚು. ಉಡುಪಿಗೆ ಬರುವ ದಿನ ಮಾತ್ರ ಬಸ್ಸು ಹತ್ತುವ ಮುಂಚೆ ಬಿಚ್ಚಿ ಚೀಲಕ್ಕೆ ಹಾಕಿಕೊಂಡಿದ್ದಳು. ಇನ್ನೆರಡು ವಾರದಲ್ಲಿ ಹೆರಿಗೆಗೆಂದು ಕಾಪುವಿನ ತವರಿಗೆ ಹೋಗುವುದು, ನಮ್ಮಿಂದ ಮಗು ತೆಗೆದುಕೊಂಡು ಬಾಣಂತಿಯಾಗಿ ಕಾರ್ಕಳಕ್ಕೆ ಬರುವುದು. ಎಲ್ಲ ಹೊತ್ತು ಗೊತ್ತುಮಾಡಿ ಇಟ್ಟದ್ದು.

“ಒಂದು ಕಾರ್ಡ್ ಸಿಸ್ಟರ್,” ಎಂದ. “ಒಂದು ಕಾರ್ಡ್ ಹಾಕಿದ್ರೆ ಅಮ್ಮನನ್ನು ಆ ದಿನ ಅಕ್ಕನ ಮನೆಗೆ ಕಳಿಸ್ತಿದ್ದೆ.” ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವನು ನನ್ನನ್ನು ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂರಿಸಿ, ಕಂಡಕ್ಟರಿಗೆ ನನ್ನನ್ನು ಆಸ್ಪತ್ರೆಯ ಎದುರೇ ಇಳಿಸಲು ಹೇಳಿದ.

ಡಾಕ್ಟರಮ್ಮ ಪೂರ್ತಿ ಕೇಳಿದರು. “ಬಾಯಿ ಥರ್ಮಾಮೀಟರ್ ಇಡ್ಲಿಕ್ಕೆ ಮಾತ್ರ ಇರುದಲ್ಲ ಲೀಲಾ, ಮುಚ್ಚಿಕೊಳ್ಳಲಿಕ್ಕೂ ಆಗ್ತದೆ,” ಎಂದರು. ವಾರದೊಳಗೆ ಸಂಜೀವನ ಕಾರ್ಡು ಬಂತು: ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಂಡಿದ್ದೇವೆ, ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಬೇಕು. ಕಮಲ ಕಾಪುವಿಗೆ ಹೋಗಿದ್ದಾಳೆಂದು ಕಂಡಕ್ಟರುಗಳ ಬಾಯಿಂದ ಗೊತ್ತಾಯಿತು. ಹೊಟ್ಟೆ ಇಲ್ಲದೆ ಹೋಗಿದ್ದಳು. ಹಿಂದಿರುಗುವ ಮಾತಿರಲಿಲ್ಲ.

ಆ ತಿಂಗಳ ಕೊನೆಗೆ ನಮ್ಮಲ್ಲಿ ಒಂದು ಹೆರಿಗೆಯಾಯಿತು. ಹೆಸರು ಲಕ್ಷ್ಮಿ, ಊರು ಹೆಬ್ರಿ ಎಂದು ಬರೆಸಿದವಳು ಮೂರನೆಯ ದಿನ ಬೆಳಿಗ್ಗೆ ಸ್ನಾನಕ್ಕೆಂದು ಎದ್ದು ಹೋದಳು. ಹೆಣ್ಣು ಮಗು ಉಳಿಯಿತು. ಗುಲಾಬಿಯ ಸರದಿಯಲ್ಲಿ ಅದಕ್ಕೆ ಸುಮತಿ ಎಂಬ ಹೆಸರು ಬಂತು.

ಮಗುವಿಗೆ ಒಂದೂವರೆ ತಿಂಗಳಾದಾಗ, ಒಂದು ಬೆಳಿಗ್ಗೆ, ಅಪ್ಪಿಯಕ್ಕ ಒಬ್ಬರೇ ಬಸ್ಸಿಳಿದು ಶಿಶುಮಂದಿರದ ಬಾಗಿಲಿಗೆ ಬಂದು ನಿಂತರು. ಯಾರನ್ನೂ ಕೇಳದೆ ಒಳಗೆ ಬಂದು ತೊಟ್ಟಿಲುಗಳನ್ನು ಒಂದೊಂದಾಗಿ ನೋಡಿದರು.

“ನಮ್ಮದು ಯಾವುದು?”

ಅರ್ಜಿ ಹಿಂದಕ್ಕೆ ಹೋಗಿದೆ ಎಂದೆ. ಅದನ್ನು ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಸುಮತಿಯನ್ನು ಎತ್ತಿ ಮಡಿಲಲ್ಲಿ ಹಾಕಿಕೊಂಡು ಕೈಕಾಲು ಎಳೆದು ನೋಡಿದರು, ಕಿವಿ ಮಡಚಿ ನೋಡಿದರು. ಮಗು ಅವರ ಸೀರೆ ಒದ್ದೆ ಮಾಡಿತು. ಆಮೇಲೆ ಮಾತು ಬಂತು.

“ಹೊಟ್ಟೆ ಎಡಕ್ಕೆ ಜಾರ್ತಿತ್ತು,” ಎಂದರು. “ಆರು ಹೆತ್ತವಳು ನಾನು. ನನಗೆ ಗೊತ್ತಾಗುದಿಲ್ವಾ?”

“ಗೊತ್ತಿದ್ದೂ ಸುಮ್ಮನಿದ್ರಾ?”

“ಮತ್ತೆಂತ ಮಾಡುದು? ಹನ್ನೊಂದು ವರ್ಷ ಊರಿನವರ ಬಾಯಿ ಕೇಳಿದ್ದಾಳೆ. ಹೀಗೆ ಮಾಡಿದ್ರೆ ಅವಳಿಗೆ ಸಮಾಧಾನ ಅಂತಾದ್ರೆ ಆಗಲಿ ಅಂದುಕೊಂಡೆ. ಹುಳಿ ಬೇಕು ಅಂದಳು, ಮಾವಿನಕಾಯಿ ತಂದುಕೊಟ್ಟೆ. ಭಾರ ಎತ್ತಬೇಡ ಅಂತ ನಾನೇ ನೀರು ಸೇದಿದೆ. ಬಟ್ಟೆ ಹೊತ್ತುಕೊಂಡು ಅವಳಿಗೂ ಬೆನ್ನು ನೋಯ್ತಿತ್ತು, ಸುಳ್ಳಲ್ಲ.” ಮಗುವನ್ನು ಮಗ್ಗುಲು ಬದಲಿಸಿ ಹಿಡಿದರು. “ನೀನು ಬಂದು ಅಂಗಳದಲ್ಲಿ ನಿಂತು ಹೇಳಿಬಿಟ್ಟೆ. ಬಾವಿಕಟ್ಟೆಯಲ್ಲಿ ಇಬ್ಬರು ಕೇಳಿಸಿಕೊಂಡ್ರು. ನಾನು ಏನಾದರೂ ಕೇಳಲೇಬೇಕಾಯ್ತು. ಬಾಯಿಗೆ ಬಂದದ್ದು ಅದು.”

ಅವರ ಸೀರೆ ಒರೆಸಲು ಒಂದು ಬಟ್ಟೆ ತಂದುಕೊಟ್ಟೆ.

“ಹಾಳು ಮಾಡಿದ್ದು ನೀನು. ನೀನೇ ಬರಬೇಕು,” ಎಂದು ಅಪ್ಪಿಯಕ್ಕ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ ಎದ್ದರು. “ಕಾಪುವಿಗೆ ಈಗ ಬಸ್ಸುಂಟು.”

ಡಾಕ್ಟರಮ್ಮನ ಅಪ್ಪಣೆ ಕೇಳಲು ಹೋದಾಗ ಅವರು ನನ್ನ ಸೀರೆಯ ಕಡೆ ಬೆರಳು ತೋರಿಸಿದರು. ಗುಲಾಬಿಯಿಂದ ಅವಳ ಹೂವಿನ ಸೀರೆ ಕೇಳಿ ಉಟ್ಟುಕೊಂಡು ಹೋದೆ.

ಕಮಲನ ತವರು ಕಾಪುವಿನಲ್ಲಿ, ಲೈಟ್‌ಹೌಸಿಗೆ ಹೋಗುವ ದಾರಿಯಲ್ಲಿ, ತೆಂಗಿನ ಮರಗಳ ನಡುವಿನ ಸಣ್ಣ ಮನೆ. ಅತ್ತೆಯ ಹಿಂದೆ ನನ್ನನ್ನು ಕಂಡದ್ದೇ ಕಮಲ ಒಳಗೆ ಹೋದಳು; ಚಿಲಕ ಹಾಕುವುದು ಅವಳಿಗೆ ಅಭ್ಯಾಸವಾಗಿತ್ತು. ಅಪ್ಪಿಯಕ್ಕ ಬಾಗಿಲ ಹೊರಗೆ ನೆಲದ ಮೇಲೆ ಕೂತರು. ಕೂಗಲಿಲ್ಲ. ಸೊಸೆ ಎದುರಿಗೇ ಕೂತಿದ್ದಾಳೆ ಎಂಬಂತೆ ಬಾಗಿಲಿನೊಡನೆ ಮಾತಾಡಿದರು.

“ಮಗುವಿನ ತಲೆಯಲ್ಲಿ ಕೂದಲು ಕಡಿಮೆ, ಕಮಲಾ. ದಿನಾ ಎಣ್ಣೆ ತಿಕ್ಕಿ ಮೀಸುವವರು ಬೇಕು. ನನಗೆ ಕಾಲು ಚಾಚಿ ಕೂತರೆ ಏಳ್ಲಿಕ್ಕೆ ಆಗುದಿಲ್ಲ, ಮಂಡಿ ನೋವು.”

ಅಪ್ಪಿಯಕ್ಕ ಮಂಡಿ ಉಜ್ಜಿಕೊಂಡರು.

“ಕಿವಿ ಸಣ್ಣದು. ಚೆಂದ ಉಂಟು.”

ಬಾಗಿಲ ಆಚೆಯಿಂದ ಕಮಲನ ಸ್ವರ ಬಂತು. “ಊರಿನವರಿಗೆ ಯಾವ ಮುಖ ತೋರಿಸುದು ಅತ್ತೆ?”

“ಊರಿನವರಿಗೆ ಗೊತ್ತಾಗಿ ಆಯ್ತಲ್ಲ. ಗೊತ್ತಾದರೆ ಎಂತ ಮಾಡುದು ಅಂತ ಹೆದರಿಕೆ ಇದ್ದದ್ದು. ಈಗ ಅದಿಲ್ಲ. ಎರಡು ತಿಂಗಳು ಮಾತಾಡಿದ್ರು, ಅವರಿಗೂ ಸಾಕಾಗಿದೆ.”

ಚಿಲಕ ತೆಗೆದ ಸದ್ದಾಯಿತು. ಕಮಲ ಹೊಸ್ತಿಲಲ್ಲಿ ನಿಂತು ಅತ್ತೆಯನ್ನು ನೋಡಿದಳು. “ನಿಮಗೆ ಮೊದಲೇ ಗೊತ್ತಿತ್ತಾ?”

“ನನಗೆಂತ ಗೊತ್ತು? ನಾನು ಮುದುಕಿ,” ಎಂದರು ಅಪ್ಪಿಯಕ್ಕ.

ನಾನು ಬಾಯಿ ಬಿಡಲಿಲ್ಲ. ಆ ವರ್ಷ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ ಇರಬೇಕು.

ಕಮಲ ಮರುದಿನವೇ ಸಂಜೀವನ ಜೊತೆ ಶಿಶುಮಂದಿರಕ್ಕೆ ಬಂದಳು. ಈ ಸಲ ಕ್ಯಾಲೆಂಡರ್ ನೋಡಲಿಲ್ಲ. ಡಾಕ್ಟರಮ್ಮ ಮಗುವನ್ನು ಕೊಟ್ಟರು. ಆಮೇಲೆ ಕಾಗದದ ವಿಷಯ ಬಂತು.

ನಮ್ಮ ಕಾಗದಪತ್ರ ನೋಡುತ್ತಿದ್ದವರು ವಕೀಲ ಅನಂತರಾಯರು. ನಗುವುದು ಕಾನೂನಿಗೆ ವಿರುದ್ಧ ಎಂದು ನಂಬಿದ್ದವರು. ಐವತ್ತಾರರ ಹೊಸ ದತ್ತಕ ಕಾಯ್ದೆಯ ಪುಸ್ತಕ ತೆರೆದು ಅವರು ವಿವರಿಸಿದರು. ಮಗುವನ್ನು ದತ್ತು ಕೊಡುವವರು ತಂದೆ ಅಥವಾ ತಾಯಿ ಆಗಿರಬೇಕು. ಇಬ್ಬರೂ ಸತ್ತಿದ್ದರೆ ಕೋರ್ಟಿನ ಅನುಮತಿಯಿಂದ ಪೋಷಕರು ಕೊಡಬಹುದು. ತಾಯಿ ಎದ್ದು ಹೋದರೆ ಯಾರು ಕೊಡಬೇಕು ಎಂದು ಕಾಯ್ದೆ ಬರೆದವರು ಯೋಚಿಸಿದಂತಿಲ್ಲ.

“ಹಾಗಾದ್ರೆ ಇವಳು ನಮ್ಮ ಮಗಳಾಗುದು ಯಾವಾಗ?” ಎಂದ ಸಂಜೀವ.

“ತಾಯಿ ಸಿಕ್ಕಿ ಸಹಿ ಹಾಕಿದರೆ ನಾಳೆ. ಇಲ್ಲದಿದ್ದರೆ ಗಾರ್ಡಿಯನ್ ಆಗಬಹುದು, ಹದಿನೆಂಟು ವರ್ಷದವರೆಗೆ.”

ರಾಯರ ಕಚೇರಿಯ ಬೆಂಚಿನಲ್ಲಿ ಆ ದಿನ ಶಿರ್ವದ ಒಬ್ಬ ಕ್ರಿಸ್ತುವ ರೈತರೂ ಅವರ ಹೆಂಡತಿಯೂ ಕೂತಿದ್ದರು. ಅವರೂ ನಮ್ಮಲ್ಲಿಂದ ಒಂದು ಗಂಡುಮಗುವನ್ನು ತೆಗೆದುಕೊಂಡವರು. ಅವರ ಪಾಲಿಗೆ ದತ್ತಕದ ಕಾಯ್ದೆಯೇ ಇರಲಿಲ್ಲ. ಗಾರ್ಡಿಯನ್ ಆಗುವುದೊಂದೇ ದಾರಿ. ರೈತರು ರಾಯರನ್ನು ಕೇಳಿದರು, “ಹದಿನೆಂಟು ಆದ ಮೇಲೆ ನಾನು ಅವನಿಗೆ ಎಂತ ಆಗ್ತೇನೆ?”

“ಕಾನೂನಿನ ಪ್ರಕಾರ ಏನೂ ಅಲ್ಲ.”

ಅವರು ಪೆನ್ನು ಕೈಗೆತ್ತಿಕೊಂಡರು. “ಹದಿನೆಂಟರ ಮೇಲೆ ನಾನೂ ನಮ್ಮಪ್ಪನ ಮಾತು ಕೇಳಿದವನಲ್ಲ. ಸಹಿ ಎಲ್ಲಿ ಹಾಕಬೇಕು?” ಎಂದರು.

ಕಮಲನಿಗೆ ಅದು ಒಪ್ಪಿಗೆಯಾಗಲಿಲ್ಲ. “ನನಗೆ ಮಗಳು ಬೇಕಾದದ್ದು. ಕಾಯ್ಲಿಕ್ಕೆ ಕೊಟ್ಟ ಮಗು ಬೇಡ,” ಎಂದಳು. ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ತಾಯಿಯನ್ನು ಹುಡುಕಿ ಬಾ ಎಂದು ಡಾಕ್ಟರಮ್ಮ ನನ್ನನ್ನು ಹೆಬ್ರಿಗೆ ಕಳಿಸಿದರು. ಆ ಹೆಂಗಸನ್ನು ವಾರ್ಡಿನಲ್ಲಿ ಮೂರು ದಿನ ನೋಡಿಕೊಂಡವಳು ನಾನೇ. ಬಲಗೈ ಮಣಿಕಟ್ಟಿನ ಮೇಲೆ ಸುಟ್ಟ ಗಾಯದ ಹಳೆಯ ಕಲೆ ಇತ್ತು.

ಹೆಬ್ರಿಯಲ್ಲಿ ಲಕ್ಷ್ಮಿ ಎಲ್ಲಿದ್ದಾಳೆ ಎಂದು ಕೇಳುವುದು ಉಡುಪಿಯಲ್ಲಿ ಭಟ್ಟರು ಎಲ್ಲಿದ್ದಾರೆ ಎಂದು ಕೇಳಿದ ಹಾಗೆ. ಸಿಡುಬಿನ ಚುಚ್ಚುಮದ್ದಿನ ಲೆಕ್ಕ ಎಂದು ಸುಳ್ಳು ಹೇಳಿಕೊಂಡು ಮನೆ ಮನೆ ಹೋದೆ. ಎಪ್ಪತ್ತು ದಾಟಿದ ಲಕ್ಷ್ಮಿ, ಶಾಲೆಗೆ ಹೋಗುವ ಲಕ್ಷ್ಮಿ, ನನ್ನನ್ನು ಕೂರಿಸಿ ಊಟ ಹಾಕಿದ ಲಕ್ಷ್ಮಿ. ಒಂದು ಮನೆಯಲ್ಲಿ ಲಕ್ಷ್ಮಿ ಎಂದು ಕರೆದಾಗ ಹಟ್ಟಿಯಿಂದ ದನವೂ ಕೂಗಿತು. ನಾನು ಹುಡುಕುತ್ತಿದ್ದವಳು ಇರಲಿಲ್ಲ.

ಸಂಜೆಯ ಬಸ್ಸಿಗೆಂದು ನಡೆದು ಬರುತ್ತಿದ್ದೆ. ಎದುರಿಂದ ಇಬ್ಬರು ಹೆಂಗಸರು ತಲೆಯ ಮೇಲೆ ಸೌದೆಯ ಹೊರೆ ಹೊತ್ತು ಬಂದರು. ಮುಂದೆ ವಯಸ್ಸಾದವಳು, ಹಿಂದೆ ಒಬ್ಬ ಹರೆಯದವಳು. ಹೊರೆ ಹಿಡಿದ ಬಲಗೈಯಲ್ಲಿ ಆ ಕಲೆ ಇತ್ತು. ನನ್ನನ್ನು ಕಂಡದ್ದೇ ಅವಳು ನಿಂತಳು.

“ನಾನಲ್ಲ,” ಎಂದಳು.

ನಾನು ಇನ್ನೂ ಏನನ್ನೂ ಕೇಳಿರಲಿಲ್ಲ.

ಮುಂದೆ ಹೋಗುತ್ತಿದ್ದ ಹೆಂಗಸು ತಿರುಗಿ, ಅವಳನ್ನು ಬೇರೊಂದು ಹೆಸರಿನಿಂದ ಕರೆದು, ಎಂತ ಅಂತೆ ಎಂದು ಕೇಳಿದಳು. ಆ ಹೆಸರನ್ನು ನಾನು ಎಲ್ಲಿಯೂ ಬರೆದಿಲ್ಲ, ಇಲ್ಲಿಯೂ ಬರೆಯುವುದಿಲ್ಲ.

“ದಾರಿ ಕೇಳ್ತಿದ್ದಾರೆ,” ಎಂದಳು ಹುಡುಗಿ. ಹೊರೆಯನ್ನು ಎಡಗೈಯಿಂದಲೂ ಹಿಡಿದುಕೊಂಡಳು. ಸಹಿ ಎಂದರೆ ಇವಳು ರಿಜಿಸ್ಟ್ರಾರರ ಎದುರು ನಿಂತು ತನ್ನ ಹೆಸರು, ಮನೆ, ಊರು ಹೇಳಬೇಕು. ಇಬ್ಬರು ಸಾಕ್ಷಿಗಳು ಕೇಳಿಸಿಕೊಳ್ಳಬೇಕು. ಆಮೇಲೆ ಅವಳು ಈ ದಾರಿಯಲ್ಲೇ ಮನೆಗೆ ಬರಬೇಕು. ಕಾರ್ಕಳದ ಅಂಗಳದಲ್ಲಿ ರಾಟೆಯ ಸದ್ದು ನಿಂತದ್ದು ನನಗೆ ಇನ್ನೂ ಮರೆತಿರಲಿಲ್ಲ.

“ಬಸ್ಸು ಆ ಕಡೆ,” ಎಂದಳು.

“ಸರಿ,” ಎಂದೆ. ಆಮೇಲೆ, “ಉಡುಪಿಯಲ್ಲಿ ಎಲ್ಲ ಸೌಖ್ಯ,” ಎಂದೆ.

ಅವಳು ಒಂದು ಕ್ಷಣ ಕಣ್ಣು ಮುಚ್ಚಿದಳು. ತೆರೆದು, ನನ್ನನ್ನು ದಾಟಿಕೊಂಡು ನಡೆದಳು.

‘ಹೆಬ್ರಿಯಲ್ಲಿ ಲಕ್ಷ್ಮಿ ಎಂಬ ಸದರಿ ಹೆಂಗಸು ಪತ್ತೆಯಾಗಲಿಲ್ಲ’ ಎಂದು ವರದಿ ಬರೆದೆ. ಡಾಕ್ಟರಮ್ಮ ಅದನ್ನು ಎರಡು ಸಲ ಓದಿ, ನನ್ನ ಮುಖ ನೋಡಿ, ಸಹಿ ಹಾಕಿದರು.

ಅದರ ಬೆಲೆ ಕೊಟ್ಟವಳು ಕಮಲ. ಸುಮತಿಯನ್ನು ‘ಪಾಲನೆಗಾಗಿ’ ಕೊಟ್ಟದ್ದು ಎಂದು ಒಂದು ಪತ್ರ ಮಾಡಿದ್ದೆವು. ಶಿಶುಮಂದಿರವು ಯಾವಾಗ ಬೇಕಾದರೂ ಮಗುವನ್ನು ಹಿಂದಕ್ಕೆ ಪಡೆಯಬಹುದು ಎಂಬ ಮಾತು ಅದರಲ್ಲಿತ್ತು. ಮೂರು ತಿಂಗಳಿಗೊಮ್ಮೆ ನಾನು ಹೋಗಿ ಮಗುವನ್ನು ನೋಡಿ ಬರಬೇಕು. ಕಾರ್ಡು ಹಾಕಿಯೇ ಹೋಗುತ್ತಿದ್ದೆ. ಕಾರ್ಡು ತಲಪಿದ ದಿನದಿಂದ ಕಮಲ ಊಟ ಬಿಡುತ್ತಿದ್ದಳಂತೆ. ನಾನು ಹೋದರೆ ಅವಳು ಮಗುವನ್ನು ಎತ್ತಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದಳು. ನಾನು ಜಗಲಿಯಲ್ಲಿ, ನಡುವೆ ಇಡೀ ಮನೆ. ಅಷ್ಟು ದೂರದಿಂದ ಮಗುವಿನ ಆರೋಗ್ಯ ನೋಡಿ ‘ಉತ್ತಮ’ ಎಂದು ಬರೆದು ಬರುತ್ತಿದ್ದೆ. ಒಂದು ಲೋಟ ನೀರು ಕೊಡುತ್ತಿದ್ದಳು. ಅದಕ್ಕಿಂತ ಹೆಚ್ಚು ಹೊತ್ತು ನಾನು ಕೂರುವುದು ಅವಳಿಗೆ ಬೇಕಿರಲಿಲ್ಲ.

ಹೀಗೆ ಐದು ವರ್ಷ. ಹೆಬ್ರಿಯ ದಾರಿಯಲ್ಲಿ ನಾನು ಒಂದು ಪ್ರಶ್ನೆ ಕೇಳಿದ್ದರೆ ಈ ಐದು ವರ್ಷ ಇರುತ್ತಿರಲಿಲ್ಲ. ಕೇಳಿದ್ದರೆ ಆ ಹುಡುಗಿಯ ಗತಿ ಏನಾಗುತ್ತಿತ್ತೋ ಗೊತ್ತಿಲ್ಲ. ಯಾವುದು ಸರಿ ಎಂದು ನನಗೆ ಆಗಲೂ ತಿಳಿದಿರಲಿಲ್ಲ, ಈಗಲೂ ತಿಳಿದಿಲ್ಲ. ಹೊಸಬರು ಇದಕ್ಕೆ ಉತ್ತರ ಕೇಳಬಾರದು.

ಅರವತ್ತೆರಡರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು. ಹೆತ್ತವರು ಬಿಟ್ಟುಹೋದ ಮಗುವನ್ನು, ಹೆತ್ತವರು ಯಾರೆಂದು ತಿಳಿಯದ ಮಗುವನ್ನು ಪೋಷಕರು ಕೋರ್ಟಿನ ಅನುಮತಿಯಿಂದ ದತ್ತು ಕೊಡಬಹುದು. ಅನಂತರಾಯರು ಈ ಸುದ್ದಿಯನ್ನು ಹೇಳಲು ಸ್ವತಃ ಶಿಶುಮಂದಿರಕ್ಕೆ ನಡೆದು ಬಂದರು. ನಗಲಿಲ್ಲ, ಆದರೆ ಗುಲಾಬಿ ಕೊಟ್ಟ ಚಹಾ ಕುಡಿದರು.

ಅರ್ಜಿಗೆ ನಮ್ಮ ಆಸ್ಪತ್ರೆಯದಲ್ಲದ ಡಾಕ್ಟರರ ಸರ್ಟಿಫಿಕೇಟು ಇರಲಿ ಎಂದರು ರಾಯರು. ಮಣಿಪಾಲದ ಗುಡ್ಡದಲ್ಲಿ ಆಗ ಒಂದರ ಪಕ್ಕ ಒಂದು ಹೊಸ ಕಟ್ಟಡ ಏಳುತ್ತಿತ್ತು. ಅಲ್ಲಿನ ಒಬ್ಬ ಎಳೆಯ ಡಾಕ್ಟರರ ಬಳಿಗೆ ಹೋದೆವು. ಅವರು ಮಗುವಿನ ಎದೆ ಪರೀಕ್ಷಿಸಿ, ಕುಟುಂಬದಲ್ಲಿ ಯಾರಿಗಾದರೂ ಕಾಯಿಲೆ ಉಂಟೇ ಎಂದು ಕೇಳಿದರು.

“ನಮ್ಮ ಅಜ್ಜಿಗೆ ದಮ್ಮು ಇತ್ತು,” ಎಂದಳು ಕಮಲ. “ನನಗೆ ಬಿಸಿಲಿಗೆ ಹೋದರೆ ತಲೆನೋವು. ಇವಳಿಗೂ ಹಾಗೇ, ನನ್ನದೇ ಬಂದದ್ದು. ಇವರ ಕಡೆಯವರಿಗೆ ಹಲ್ಲು ಬೇಗ ಹೋಗ್ತದೆ.”

ಡಾಕ್ಟರರು ಎಲ್ಲವನ್ನೂ ಬರೆದುಕೊಂಡರು. ಸಂಜೀವ ನನ್ನನ್ನು ನೋಡಿದ. ನಾನು ಕಿಟಕಿಯ ಹೊರಗೆ ನೋಡಿದೆ. ಆ ಸರ್ಟಿಫಿಕೇಟು ಹಾಗೆಯೇ ಕೋರ್ಟಿಗೆ ಹೋಯಿತು.

ಜಿಲ್ಲಾ ಕೋರ್ಟು ಇದ್ದದ್ದು ಮಂಗಳೂರಿನಲ್ಲಿ. ಹೆತ್ತವರು ಯಾರಾದರೂ ಇದ್ದರೆ ಹಾಜರಾಗಬೇಕೆಂದು ಪತ್ರಿಕೆಯಲ್ಲಿ ಪ್ರಕಟಣೆ ಹಾಕಿದ್ದರು. ವಿಚಾರಣೆಯ ದಿನ ಯಾರೂ ಬರಲಿಲ್ಲ. ವರಾಂಡದಲ್ಲಿ ಹೆಂಗಸೊಬ್ಬಳು ಹಾದುಹೋದಾಗಲೆಲ್ಲ ಕಮಲ ಮಗುವಿನ ಮುಖಕ್ಕೆ ಸೆರಗು ಹಾಕುತ್ತಿದ್ದಳು. ನನ್ನನ್ನು ಕಟಕಟೆಗೆ ಕರೆದರು. ಆ ಹೊತ್ತಿಗೆ ಮೇಲ್ವಿಚಾರಕಿ ನಾನೇ ಆದ್ದರಿಂದ ಅರ್ಜಿ ನನ್ನ ಹೆಸರಿನಲ್ಲಿತ್ತು.

“ತಾಯಿಯನ್ನು ಹುಡುಕಿದ್ದೀರಾ?” ಎಂದರು ಜಡ್ಜರು.

“ಹುಡುಕಿದ್ದೇನೆ. ಹೆಬ್ರಿಯಲ್ಲಿ ಒಂದು ದಿನವಿಡೀ.”

“ಲಕ್ಷ್ಮಿ ಎಂಬವಳು ಸಿಕ್ಕಿದಳೇ?”

“ಬೇಕಾದಷ್ಟು ಮಂದಿ ಸಿಕ್ಕಿದರು. ಈ ಮಗುವಿನ ತಾಯಿ ಲಕ್ಷ್ಮಿ ಸಿಗಲಿಲ್ಲ.”

ಜಡ್ಜರು ತಲೆ ತಗ್ಗಿಸಿ ಬರೆದರು. ನಾನು ಹೇಳಿದ ಮಾತುಗಳಲ್ಲಿ ಸುಳ್ಳು ಒಂದೂ ಇರಲಿಲ್ಲ. ಅನುಮತಿ ಸಿಕ್ಕಿತು.

ಪತ್ರ ನೋಂದಾಯಿಸಿದ್ದು ಕಾರ್ಕಳದ ರಿಜಿಸ್ಟ್ರಾರ್ ಕಚೇರಿಯಲ್ಲಿ. ಎಲ್ಲರೂ ಹೋದೆವು. ಅಪ್ಪಿಯಕ್ಕನಿಗೆ ಆಗ ಕೋಲು ಬೇಕಾಗುತ್ತಿತ್ತು. ಒಳಗೆ ಕರೆಯುವ ಮುಂಚೆ ಅನಂತರಾಯರು ನಮ್ಮನ್ನೆಲ್ಲ ವರಾಂಡದಲ್ಲಿ ನಿಲ್ಲಿಸಿದರು.

“ಬರೇ ಪತ್ರ ಸಾಲದು,” ಎಂದರು. “ಮಗುವನ್ನು ಕೈಯಾರೆ ಕೊಡಬೇಕು, ಕೈಯಾರೆ ತೆಗೆದುಕೊಳ್ಳಬೇಕು. ಕೊಡುವವರು ಇವರು, ತೆಗೆದುಕೊಳ್ಳುವವರು ನೀವು. ಅದು ಆಗದಿದ್ದರೆ ದತ್ತಕ ಆಗುದಿಲ್ಲ.”

“ಮಗು ಐದು ವರ್ಷದಿಂದ ನಮ್ಮ ಹತ್ರವೇ ಉಂಟಲ್ಲ,” ಎಂದ ಸಂಜೀವ.

“ಹಾಗಾದರೆ ಮೊದಲು ಇವರ ಕೈಗೆ ಬರಬೇಕು. ಕೈಯಲ್ಲಿ ಇಲ್ಲದ್ದನ್ನು ಇವರು ಕೊಡುದು ಹೇಗೆ?”

ಸುಮತಿ ಹೊಸ ಫ್ರಾಕು ಹಾಕಿಕೊಂಡು ಕಮಲನ ಸೊಂಟದ ಮೇಲೆ ಕೂತಿದ್ದಳು. ಎತ್ತಿಕೊಳ್ಳುವ ವಯಸ್ಸು ದಾಟಿದ ಹುಡುಗಿ, ಕಾಲು ಕಮಲನ ಮೊಣಕಾಲಿನವರೆಗೆ ಜೋತಾಡುತ್ತಿತ್ತು. ಕಮಲ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಬೆನ್ನಿಗೆ ಗೋಡೆ ಬಂತು.

“ಎಷ್ಟು ಹೊತ್ತು?” ಎಂದು ಕೇಳಿದಳು.

“ಹೊತ್ತಿನ ವಿಷಯ ಕಾಯ್ದೆಯಲ್ಲಿ ಹೇಳಿಲ್ಲ.”

ಅಪ್ಪಿಯಕ್ಕ ಕೋಲೂರಿಕೊಂಡು ಸೊಸೆಯ ಬಳಿಗೆ ಹೋದರು. “ಕೊಡು ಕಮಲಾ. ನಾನು ಇಲ್ಲೇ ಇದ್ದೇನೆ,” ಎಂದರು. ಆಮೇಲೆ ಮೆಟ್ಟಿಲಿಗೆ ಹೋಗುವ ದಾರಿಗೆ ಅಡ್ಡವಾಗಿ ಬಂದು ನಿಂತರು.

ಕಮಲ ಮಗುವನ್ನು ನನ್ನ ಕೈಗೆ ಕೊಟ್ಟಳು. ಫ್ರಾಕಿನ ಅಂಚು ಅವಳ ಮುಷ್ಟಿಯಲ್ಲೇ ಉಳಿಯಿತು. ರಾಯರು ಅದನ್ನು ನೋಡಿ ಮೆಲ್ಲಗೆ, “ಕೈ ಬಿಡಬೇಕಮ್ಮ,” ಎಂದರು. ಅವಳು ಬಿಟ್ಟಳು. ಬಿಟ್ಟ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಸೀರೆಗೆ ಒರೆಸಿಕೊಂಡಳು.

ಎಳೆಗೂಸಾಗಿದ್ದಾಗ ಎತ್ತಿದ ಮೇಲೆ ನಾನು ಆ ಮಗುವನ್ನು ಮುಟ್ಟಿದ್ದು ಆಗಲೇ. ಅವಳು ನನ್ನ ಮುಖವನ್ನು ಹತ್ತಿರದಿಂದ ನೋಡಿದಳು.

“ನೀವು ಯಾರು?” ಎಂದಳು.

“ನಿನ್ನನ್ನು ಇವರಿಗೆ ಕೊಡುವವಳು,” ಎಂದೆ.

“ನಾನು ಇವರದ್ದೇ ಅಲ್ವಾ?”

“ಹೌದು,” ಎಂದೆ.

“ಬಾಯಲ್ಲಿ ಹೇಳಿ ಕೊಡಬೇಕು,” ಎಂದರು ರಾಯರು. ಕೊಟ್ಟಿದ್ದೇನೆ ಎಂಬ ಒಂದು ಶಬ್ದ ಹೇಳಲು ಶುರುಮಾಡಿದೆ. ಅದು ಪೂರ್ತಿಯಾಗುವ ಮುಂಚೆಯೇ ಕಮಲ ಮಗುವನ್ನು ಎಳೆದುಕೊಂಡಾಗಿತ್ತು. ರಾಯರು ಕೆಮ್ಮಿದರು. “ಕಾಯ್ದೆಯ ಪ್ರಕಾರ ತೆಗೆದುಕೊಳ್ಳುವವನು ಗಂಡ. ಅವರೂ ಕೈ ಹಾಕಬೇಕು.” ಸಂಜೀವ ಹೆಂಡತಿಯ ಹಿಂದಿನಿಂದ ಬಂದು ಮಗುವಿನ ಒಂದು ಪಾದ ಹಿಡಿದುಕೊಂಡ. ರಾಯರು ಅದು ಸಾಕು ಎಂದರು. ಅವನು ಬಿಡಲಿಲ್ಲ. ವಾಚು ನೋಡಲೂ ಇಲ್ಲ.

ಒಳಗೆ ಹೋಗಿ ಸಹಿ ಹಾಕಿದೆವು. ಅಪ್ಪಿಯಕ್ಕ ಸಾಕ್ಷಿಯಾಗಿ ಹೆಬ್ಬೆಟ್ಟು ಒತ್ತಿದರು. ಅಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಹೊರಗೆ ಮೆಟ್ಟಿಲ ಬಳಿ ಕಮಲ ನನ್ನ ಪಕ್ಕಕ್ಕೆ ಬಂದಳು.

“ಇನ್ನು ನೀವು ವಾಪಸ್ ಕೇಳುವ ಹಾಗಿಲ್ಲ, ಅಲ್ವಾ?”

“ಇಲ್ಲ. ಇನ್ನು ನಾನು ನೋಡ್ಲಿಕ್ಕೆ ಬರುದೂ ಇಲ್ಲ.”

ಅವಳು ನಾಲ್ಕು ಮೆಟ್ಟಿಲು ಇಳಿದಳು. ಕೆಳಗೆ ಎಲ್ಲರ ಚಪ್ಪಲಿಗಳೂ ಬಿಸಿಲಿಗೆ ಕಾದು ಬಿದ್ದಿದ್ದವು. ತಿರುಗಿ, “ಯಾಕೆ ಬರುದಿಲ್ಲ? ಮನೆಗೆ ಬನ್ನಿ, ಊಟ ಮಾಡಿ ಹೋಗಿ,” ಎಂದಳು. ಆಮೇಲೆ, “ಇವಳನ್ನು ಸ್ವಲ್ಪ ಹಿಡ್ಕೊಳ್ಳಿ,” ಎಂದು ಸುಮತಿಯನ್ನು ನನ್ನ ಸೊಂಟದ ಮೇಲೆ ಕೂರಿಸಿ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದಳು.

ಬಾರು ಸರಿಮಾಡಿಕೊಳ್ಳುವುದಕ್ಕೆ ಅವಳು ಬಹಳ ಹೊತ್ತು ತೆಗೆದುಕೊಂಡಳು. ಒಮ್ಮೆಯೂ ತಲೆಯೆತ್ತಿ ನೋಡಲಿಲ್ಲ.